ಕಡಲಜೀವಿ ವೀಕ್ಷಣೆ: ಕರ್ನಾಟಕದ ದ್ವೀಪಗಳು

ಕಡಲಜೀವಿ ವೀಕ್ಷಣೆ ಎಂದರೆ ಸಮುದ್ರದಲ್ಲಿ, ಅದರ ದಡದಲ್ಲಿ ಮತ್ತು ದ್ವೀಪಗಳ ಸುತ್ತ ತಮ್ಮ ಪಾಡಿಗೆ ಬದುಕುತ್ತಿರುವ ಪ್ರಾಣಿಗಳನ್ನು ಹಿಡಿಯದೆ, ಮುಟ್ಟದೆ, ಅವುಗಳ ನಡೆಗೆ ಅಡ್ಡ ಬಾರದೆ ನೋಡುವ ಚಟುವಟಿಕೆ. ಉಷ್ಣವಲಯದ ದ್ವೀಪಗಳಲ್ಲಿ ಇದು ಪ್ರವಾಸದ ಒಂದು ಮುಖ್ಯ ಅಂಗ. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿ, ಕಾರವಾರದ ಸಮೀಪದ ಕುರುಮಗಡ ಮತ್ತು ದೇವಗಡ, ಉಡುಪಿಯ ಮಲ್ಪೆಗೆ ಎದುರಾಗಿರುವ ಸೇಂಟ್ ಮೇರಿಸ್ ದ್ವೀಪಗಳು ಇದರ ಪ್ರಮುಖ ನೆಲೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳೂ ಆಮೆ ಮೊಟ್ಟೆಯಿಡುವ ಮರಳುದಂಡೆಗಳೂ ಇದೇ ವ್ಯಾಪ್ತಿಗೆ ಬರುತ್ತವೆ.

ಪರಿಭಾಷೆ

ಮುಖವಾಡ ಮತ್ತು ಉಸಿರುಕೊಳವೆ ಧರಿಸಿ ನೀರಿನ ಮೇಲ್ಮೈಯಲ್ಲಿ ತೇಲುತ್ತಾ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವುದು ಸ್ಕೂಬಾ ಡೈವಿಂಗ್. ಭರತದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ದಡದ ಪಟ್ಟಿಯನ್ನು ಉಬ್ಬರವಿಳಿತ ವಲಯ ಎನ್ನಲಾಗುತ್ತದೆ. ಡಾಲ್ಫಿನ್, ಕಡಲಹಂದಿ ಮತ್ತು ತಿಮಿಂಗಿಲಗಳು ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡುವ ಸಸ್ತನಿಗಳು. ತಿಮಿಂಗಿಲ ಶಾರ್ಕ್ ಮಾತ್ರ ಹೆಸರಿನಲ್ಲಿ ತಿಮಿಂಗಿಲವಿದ್ದರೂ ಕಿವಿರಿನಿಂದ ಉಸಿರಾಡುವ ಮೀನು; ಬದುಕಿರುವ ಮೀನುಗಳಲ್ಲೆಲ್ಲ ಅದೇ ದೊಡ್ಡದು. ಕಡಲಾಮೆ ಸರೀಸೃಪ. ಹವಳ ನೋಡಲು ಕಲ್ಲಿನಂತಿದ್ದರೂ ಪ್ರಾಣಿಗಳ ವಸಾಹತು: ಒಂದೊಂದು ಪುಟ್ಟ ಪಾಲಿಪ್ ಜೀವಿಯೂ ತನ್ನ ಸುತ್ತ ಸುಣ್ಣದ ಗೂಡನ್ನು ಕಟ್ಟಿಕೊಳ್ಳುತ್ತದೆ.

ಹಿನ್ನೆಲೆ

ಕಡಲ ಪ್ರಾಣಿಗಳನ್ನು ಗಮನಿಸುವುದು ಕರಾವಳಿಯ ಮೀನುಗಾರರಿಗೆ ಹೊಸದಲ್ಲ. ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ನೀರಿನ ಬಣ್ಣ, ಹಕ್ಕಿಗಳು ಗುಂಪಾಗಿ ಎರಗುವ ಜಾಗ, ಮೇಲ್ಮೈಯ ಕದಲಿಕೆ ನೋಡಿ ತಾರ್ಲೆ ಮತ್ತು ಬಂಗುಡೆ ಮೀನುಗಳ ಹಿಂಡು ಎಲ್ಲಿದೆ ಎಂದು ದಡದಿಂದಲೇ ಗುರುತಿಸುತ್ತಿದ್ದರು. ಇಂದು ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವ ದೋಣಿಗಾರರು ಬಳಸುವುದೂ ಇದೇ ತಿಳಿವಳಿಕೆಯನ್ನು. ಈ ಚಟುವಟಿಕೆಗೆ ಮೀನುಗಾರರು ನೀಡಿದ ಕೊಡುಗೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ವೈಜ್ಞಾನಿಕ ದಾಖಲೆ 19ನೆಯ ಶತಮಾನದಲ್ಲಿ ಮೊದಲಾಯಿತು. ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳ ಕುರಿತೂ 1875ರಿಂದ 1878ರ ಅವಧಿಯಲ್ಲಿ ಭಾರತದ ಮೀನುಗಳ ಕುರಿತೂ ಗ್ರಂಥಗಳನ್ನು ಪ್ರಕಟಿಸಿದರು. ಪಕ್ಷಿತಜ್ಞ ಎ. ಒ. ಹ್ಯೂಮ್ 1870ರ ದಶಕದಲ್ಲಿ ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಹಕ್ಕಿಗಳನ್ನು ದಾಖಲಿಸುವಾಗ ಆಗ ಪಿಜನ್ ಐಲೆಂಡ್ ಎನಿಸಿಕೊಂಡಿದ್ದ ನೇತ್ರಾಣಿಯನ್ನೂ ಸೇರಿಸಿಕೊಂಡರು. ಸ್ವಾತಂತ್ರ್ಯಾನಂತರ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಮತ್ತು ಮಂಗಳೂರು ಕೇಂದ್ರಗಳು, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಈ ಕೆಲಸವನ್ನು ಮುಂದುವರಿಸಿವೆ.

ವಿನೋದಕ್ಕಾಗಿ ನೋಡುವ ಪದ್ಧತಿ ಬೆಳೆದದ್ದು ಬೇರೆ ದಾರಿಯಲ್ಲಿ. ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ 1943ರಲ್ಲಿ ರೂಪಿಸಿದ ಉಸಿರಾಟದ ಉಪಕರಣ ಸಾಮಾನ್ಯ ಈಜುಗಾರರಿಗೂ ನೀರೊಳಗಿನ ಲೋಕವನ್ನು ತೆರೆಯಿತು. 1955ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ ಹಣ ಪಡೆದು ತಿಮಿಂಗಿಲ ತೋರಿಸುವ ದೋಣಿಯಾನ ಶುರುವಾಯಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ಅಂಗೀಕರಿಸಿದ ವಾಣಿಜ್ಯ ಬೇಟೆಯ ತಡೆ 1986ರಿಂದ ಜಾರಿಗೆ ಬಂದ ಮೇಲೆ, ಕೊಂದು ಮಾರುವುದಕ್ಕಿಂತ ಬದುಕಿರುವಂತೆ ತೋರಿಸುವುದೇ ಲಾಭಕರ ಎಂಬ ಲೆಕ್ಕ ಹಲವು ದ್ವೀಪ ದೇಶಗಳಿಗೆ ಮನವರಿಕೆಯಾಯಿತು. ಕರ್ನಾಟಕದಲ್ಲಿ ನೇತ್ರಾಣಿಯ ಸ್ಕೂಬಾ ಪ್ರವಾಸ ಬೆಳೆದದ್ದು 2000ದ ನಂತರ. 2022ರ ಅಕ್ಟೋಬರ್ 28ರಂದು ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ನೇತ್ರಾಣಿಯ ನೀರೊಳಗಿನ ದೃಶ್ಯಗಳಿದ್ದವು. ಕಡಲು ಕಾಣದ ಜಿಲ್ಲೆಗಳಲ್ಲೂ ದ್ವೀಪದ ಹೆಸರು ಮನೆಮಾತಾಯಿತು. ಕನ್ನಡ ಸಾಹಿತ್ಯದಲ್ಲಿ ದ್ವೀಪ ಪ್ರವಾಸವನ್ನು ಜೀವಲೋಕದ ಕುತೂಹಲದೊಂದಿಗೆ ಬೆಸೆದ ಕೃತಿ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’.

ಕಡಲಿನ ಸ್ವರೂಪ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದ್ದು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದೆ. ಇಲ್ಲಿ ಏನು ಕಾಣುತ್ತದೆ, ಯಾವಾಗ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ಮುಂಗಾರು ಮಳೆ. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಸುರಿಯುವ ಮಳೆ ಘಟ್ಟದ ಮಣ್ಣನ್ನು ನದಿಗಳ ಮೂಲಕ ಕಡಲಿಗೆ ಇಳಿಸುತ್ತದೆ. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗೆ ಬೆಳಕು ಬೇಕು. ನೀರು ಕದಡಿದರೆ ಬೆಳಕು ತಲುಪದು, ಹೂಳು ಕೂತರೆ ಪಾಲಿಪ್‌ಗಳು ಉಸಿರುಗಟ್ಟುತ್ತವೆ. ಲಕ್ಷದ್ವೀಪದಂಥ ಹವಳದ ದಿಬ್ಬಗಳು ಕರ್ನಾಟಕದ ದಡಕ್ಕೆ ಅಂಟಿಕೊಂಡು ಬೆಳೆಯದಿರುವುದಕ್ಕೆ ಇದು ಮುಖ್ಯ ಕಾರಣ. ದಡದಿಂದ ದೂರವಿರುವ ನೇತ್ರಾಣಿಯಲ್ಲಿ ನದಿಯ ಕೆಸರಿನ ಪ್ರಭಾವ ಕಡಿಮೆ. ಹಾಗಾಗಿ ಅಲ್ಲಿ ಬಂಡೆಗಳ ಮೇಲೆ ತೇಪೆ ತೇಪೆಯಾಗಿ ಹವಳ ಬೆಳೆದಿದೆ, ನೀರೂ ತಿಳಿಯಾಗಿದೆ.

ಅದೇ ಮುಂಗಾರು ಕಡಲಿಗೆ ಅನ್ನವನ್ನೂ ಕೊಡುತ್ತದೆ. ಮಳೆಗಾಲದ ಗಾಳಿ ಮತ್ತು ಪ್ರವಾಹಗಳಿಂದ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರಿ ಬರುತ್ತದೆ. ಅದರಿಂದ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಹೆಚ್ಚುತ್ತವೆ, ಪ್ಲವಕ ತಿನ್ನುವ ತಾರ್ಲೆ ಮತ್ತು ಬಂಗುಡೆ ಹೆಚ್ಚುತ್ತವೆ, ಅವುಗಳ ಹಿಂದೆ ಡಾಲ್ಫಿನ್, ದೊಡ್ಡ ಮೀನು ಹಾಗೂ ಕಡಲಹಕ್ಕಿಗಳು ಬರುತ್ತವೆ. ಕದಡಿದ ನೀರನ್ನು ಕೊಳೆಯೆಂದು ತಿಳಿಯುವ ಪ್ರವಾಸಿ ಈ ಸರಪಣಿಯನ್ನು ಗಮನಿಸುವುದಿಲ್ಲ. ಸ್ಫಟಿಕದಂತೆ ತಿಳಿಯಾದ ಉಷ್ಣವಲಯದ ನೀರಿನಲ್ಲಿ ಪೋಷಕಾಂಶ ಸಾಮಾನ್ಯವಾಗಿ ಕಡಿಮೆ. ಹಸಿರು ಛಾಯೆಯ ಕರಾವಳಿ ನೀರಿನಲ್ಲಿ ಜೀವರಾಶಿ ಹೆಚ್ಚು.

ಕಾಣಸಿಗುವ ಪ್ರಾಣಿಗಳು

ಕರ್ನಾಟಕದ ದಡದಿಂದ ಅತಿ ಸುಲಭವಾಗಿ ಕಾಣುವ ಕಡಲ ಸಸ್ತನಿ ಹಿಂದೂ ಮಹಾಸಾಗರದ ಗೂನು ಡಾಲ್ಫಿನ್. ಇದರ ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ಬೆನ್ನ ನಡುವೆ ಉದ್ದನೆಯ ದಿಬ್ಬ, ಅದರ ಮೇಲೆ ಚಿಕ್ಕ ಈಜುರೆಕ್ಕೆ, ಸೀಸದ ಬೂದು ಮೈಬಣ್ಣ, ಉದ್ದ ಮೂತಿ ಇವುಗಳಿಂದ ಇದನ್ನು ಗುರುತಿಸಬಹುದು. ಇದು ಆಳದ ಕಡಲಿಗೆ ಹೋಗುವುದು ವಿರಳ. ಸಾಮಾನ್ಯವಾಗಿ 25 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ವಿಶೇಷವಾಗಿ ನದಿ ಕಡಲನ್ನು ಸೇರುವ ಕಡೆ, ಸಣ್ಣ ಗುಂಪುಗಳಲ್ಲಿ ಬೇಟೆಯಾಡುತ್ತದೆ. ಮೇಲೆ ಬರುವಾಗ ಮೊದಲು ಮೂತಿ, ಆಮೇಲೆ ನಿಧಾನವಾಗಿ ಬಾಗಿದ ಬೆನ್ನು ಕಾಣುತ್ತದೆ. ಸಾಕ್ಷ್ಯಚಿತ್ರಗಳ ಡಾಲ್ಫಿನ್‌ಗಳಂತೆ ಪದೇ ಪದೇ ನೆಗೆಯುವುದಿಲ್ಲ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಎರಡು ಹೆರಿಗೆಗಳ ನಡುವೆ ಕೆಲವು ವರ್ಷಗಳ ಅಂತರವಿರುತ್ತದೆ. ದಡಕ್ಕೆ ಅಂಟಿಕೊಂಡೇ ಬದುಕುವುದರಿಂದ ಬಲೆ, ಬಂದರು, ಕೊಳಚೆ, ಎಂಜಿನ್ ಸದ್ದು ಎಲ್ಲವೂ ಇದಕ್ಕೆ ನೇರವಾಗಿ ತಟ್ಟುತ್ತವೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಭೇದ. ಪ್ರವಾಸಿ ದೋಣಿಗಳು ಮುತ್ತುವುದೂ ಇದೇ ಪ್ರಾಣಿಯನ್ನು ಎಂಬುದು ಆತಂಕದ ಸಂಗತಿ.

ಬೆನ್ನಿನ ಈಜುರೆಕ್ಕೆಯೇ ಇಲ್ಲದ ಕಡಲಹಂದಿ ಕೂಡ ಇದೇ ನೀರಿನಲ್ಲಿದೆ. ಅದು ಗಾತ್ರದಲ್ಲಿ ಚಿಕ್ಕದು, ಸಂಕೋಚದ ಸ್ವಭಾವದ್ದು. ಅಲೆಯಿಲ್ಲದ ದಿನದಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ. ದಡದಿಂದ ದೂರದಲ್ಲಿ, ನೆಗೆದು ಗಿರಕಿ ಹೊಡೆಯುವ ಸ್ಪಿನ್ನರ್ ಡಾಲ್ಫಿನ್‌ಗಳೂ ಅಪರೂಪಕ್ಕೆ ಬ್ರೈಡ್ ತಿಮಿಂಗಿಲವೂ ಕಾಣಬಹುದು.

ಕಡಲಾಮೆಗಳಲ್ಲಿ ಆಲಿವ್ ರಿಡ್ಲೆ ಪ್ರಧಾನ. ಒಡಿಶಾದ ಗಹಿರ್ಮಾಥಾ ಮತ್ತು ಋಷಿಕುಲ್ಯಾದಲ್ಲಿ ಇವು ಲಕ್ಷಗಟ್ಟಲೆ ಸೇರಿ ಮೊಟ್ಟೆಯಿಡುತ್ತವೆ. ಕರ್ನಾಟಕದಲ್ಲಿ ಒಂದೊಂದಾಗಿ ಬರುತ್ತವೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಮತ್ತು ತಣ್ಣೀರುಬಾವಿ ತೀರಗಳಲ್ಲಿ ಗೂಡುಗಳು ದಾಖಲಾಗಿವೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿಯ ತೈಕಡಪ್ಪುರದಲ್ಲೂ ಸ್ವಯಂಸೇವಕರು ಮೊಟ್ಟೆ ಕಾಯುತ್ತಾರೆ. ಹೆಣ್ಣಾಮೆ ರಾತ್ರಿ ದಡಕ್ಕೆ ಬಂದು ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಮರಳುತ್ತದೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಶಾಖ ಹೆಚ್ಚಾದಷ್ಟೂ ಹೆಣ್ಣುಮರಿಗಳ ಪ್ರಮಾಣ ಹೆಚ್ಚುತ್ತದೆ. ನೇತ್ರಾಣಿಯ ಹವಳದ ನಡುವೆ ಮೇಯುತ್ತಾ ಕಾಣುವ ಆಮೆಗಳು ಹೆಚ್ಚಾಗಿ ಹಸಿರಾಮೆ ಮತ್ತು ಗಿಡುಗಮೂತಿ ಆಮೆ.

ನೇತ್ರಾಣಿಯ ಮೀನುಗಳಲ್ಲಿ ಗಿಳಿಮೀನು, ಚಿಟ್ಟೆಮೀನು, ಏಂಜೆಲ್ ಮೀನು, ಟ್ರಿಗರ್ ಮೀನು, ಸಿಂಹಮೀನು, ಹಾವಿನಂತೆ ಬಂಡೆ ಸಂದಿಯಿಂದ ತಲೆ ಚಾಚುವ ಮೋರೆ ಈಲ್, ಬರಾಕುಡಾ ಹಿಂಡು, ತೊರಕೆ ಮತ್ತು ಕಪ್ಪುತುದಿಯ ಶಾರ್ಕ್ ಸೇರಿವೆ. ಬಂಡೆಯ ಬಣ್ಣವನ್ನೇ ತಾಳಿ ಕೂರುವ ಕಲ್ಲುಮೀನು ಪಕ್ಕದಲ್ಲೇ ಇದ್ದರೂ ಹೊಸಬರಿಗೆ ಕಾಣುವುದಿಲ್ಲ. ಇದರ ಬೆನ್ನುಮುಳ್ಳಿನಲ್ಲಿ ತೀವ್ರ ವಿಷವಿದೆ. ತಿಮಿಂಗಿಲ ಶಾರ್ಕ್ ಆಗೊಮ್ಮೆ ಈಗೊಮ್ಮೆ ಬರುತ್ತದೆ. 12 ಮೀಟರಿಗೂ ಮೀರಿ ಬೆಳೆಯಬಲ್ಲ ಈ ಪ್ರಾಣಿ ನೀರನ್ನು ಸೋಸಿ ಪ್ಲವಕ ಹಾಗೂ ಪುಟ್ಟ ಮೀನುಗಳನ್ನು ತಿನ್ನುತ್ತದೆ. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ.

ಹಕ್ಕಿಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗಮನಾರ್ಹ. ಭಾರತದ ಪಶ್ಚಿಮ ಕರಾವಳಿಯಲ್ಲಿ ಅದರ ದೊಡ್ಡ ಗೂಡುನೆಲೆಗಳಲ್ಲಿ ನೇತ್ರಾಣಿ ಒಂದು. ಮೀನು ಮತ್ತು ಕಡಲಹಾವುಗಳನ್ನು ಉಗುರಿನಲ್ಲಿ ಎತ್ತಿಕೊಂಡು ದ್ವೀಪದ ಮರಗಳಿಗೆ ಮರಳುವ ಈ ಹದ್ದನ್ನು ದೋಣಿಯಿಂದಲೇ ನೋಡಬಹುದು. ದಡದ ಬಂಡೆಗಳಲ್ಲಿ ಕರಾವಳಿ ಬೆಳ್ಳಕ್ಕಿ, ಚಳಿಗಾಲದಲ್ಲಿ ವಲಸೆ ಬರುವ ಗಲ್, ಟರ್ನ್ ಮತ್ತು ಗೊರವ ಜಾತಿಯ ಹಕ್ಕಿಗಳು ಇರುತ್ತವೆ.

ಕೊನೆಯದು ಬರಿಗಣ್ಣಿಗೆ ಒಂದೊಂದಾಗಿ ಸುಲಭಕ್ಕೆ ಕಾಣದೆ, ಒಟ್ಟಾಗಿ ಎದ್ದು ಕಾಣುವ ಜೀವಿ. ನಾಕ್ಟಿಲೂಕಾ ಎಂಬ ಏಕಕೋಶಜೀವಿ ಹೆಚ್ಚಿದಾಗ ರಾತ್ರಿ ಅಲೆ ಒಡೆಯುವ ಕಡೆ ನೀಲಿ ಬೆಳಕು ಮಿಂಚುತ್ತದೆ. 2020ರ ಕೊನೆಯ ತಿಂಗಳುಗಳಲ್ಲಿ ಉಡುಪಿ ಮತ್ತು ಮಂಗಳೂರು ಭಾಗದ ತೀರಗಳಲ್ಲಿ ಇದನ್ನು ನೋಡಲು ಜನ ಸೇರಿದ್ದರು. ಇದರ ಅತಿಯಾದ ಬೆಳವಣಿಗೆ ನೀರಿನಲ್ಲಿ ಆಮ್ಲಜನಕವನ್ನು ತಗ್ಗಿಸಿ ಮೀನುಗಳನ್ನು ದೂರ ಅಟ್ಟಬಲ್ಲದು. ಕಣ್ಣಿಗೆ ಹಬ್ಬವಾದ ನೋಟ ಕಡಲಿಗೆ ಒಳಿತೇ ಆಗಿರಬೇಕಿಲ್ಲ.

ವಿಧಾನಗಳು

ಖರ್ಚಿಲ್ಲದ ವಿಧಾನವೆಂದರೆ ಇಳಿತದ ಹೊತ್ತಿನಲ್ಲಿ ಬಂಡೆಗಳ ಮೇಲೆ ನಡೆಯುವುದು. ಕರ್ನಾಟಕದಲ್ಲಿ ಭರತ–ಇಳಿತಗಳ ಅಂತರ ಸುಮಾರು 1.5ರಿಂದ 2 ಮೀಟರ್. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು ಕೆಳಗೆ ಹೋಗುವುದರಿಂದ ಪಂಚಾಂಗ ನೋಡಿ ದಿನ ಗೊತ್ತುಮಾಡಿಕೊಳ್ಳಬಹುದು. ಬಂಡೆಯ ಮೇಲ್ಭಾಗದಲ್ಲಿ ಬಾರ್ನಕಲ್, ಅದರ ಕೆಳಗೆ ಕಲ್ವ ಮತ್ತು ಪಚ್ಚಿಲೆ, ಇನ್ನೂ ಕೆಳಗೆ ಸ್ಪಂಜು ಹಾಗೂ ಕಡಲಹೂವು ಹೀಗೆ ಪಟ್ಟಿಪಟ್ಟಿಯಾಗಿ ಜೀವಿಗಳು ನೆಲೆಸಿರುತ್ತವೆ. ಯಾವುದು ಎಷ್ಟು ಹೊತ್ತು ಒಣಗಿರಬಲ್ಲದು, ಯಾವುದಕ್ಕೆ ಎಷ್ಟು ಪೈಪೋಟಿ ಎಂಬುದರ ಮೇಲೆ ಈ ಹಂಚಿಕೆ ನಿಂತಿದೆ. ನೀರು ನಿಂತ ಗುಳಿಗಳಲ್ಲಿ ಶಂಖದೊಳಗೆ ಸೇರಿಕೊಂಡ ಸನ್ಯಾಸಿ ಏಡಿ, ಪುಟ್ಟ ಗೋಬಿ ಮೀನು, ನಕ್ಷತ್ರಮೀನು, ಕೆಲವೊಮ್ಮೆ ಅಷ್ಟಪದಿ ಸಿಗುತ್ತವೆ. ಮಕ್ಕಳೊಂದಿಗೆ ಹೋಗುವ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇರೆ ಇಲ್ಲ. ತಿರುಗಿಸಿ ನೋಡಿದ ಕಲ್ಲನ್ನು ಮೊದಲಿದ್ದಂತೆಯೇ ಇಡುವುದು ಇಲ್ಲಿನ ಮೊದಲ ನಿಯಮ. ಬೋರಲಾದ ಕಲ್ಲಿನ ತಳದ ಜೀವಿಗಳು ಬಿಸಿಲಿಗೆ ಸಾಯುತ್ತವೆ.

ದೋಣಿಯಿಂದ ನೋಡುವಾಗ ಬೆಳಗಿನ ಹೊತ್ತು ಉತ್ತಮ, ಏಕೆಂದರೆ ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲು ಮೇಲ್ಮೈ ಸಪಾಟಾಗಿರುತ್ತದೆ. ಡಾಲ್ಫಿನ್ ಹಿಂಡಿನ ಹಿಂದೆ ಓಡುವುದರಿಂದ ಅವು ಮುಳುಗಿ ದೂರ ಹೋಗುತ್ತವೆ. ಪಕ್ಕಕ್ಕೆ ಸರಿದು ಎಂಜಿನ್ ಆರಿಸಿ ಕಾದರೆ ತಾವಾಗಿ ಸಮೀಪ ಬರುವ ಸಂಭವವಿದೆ. ಹಲವು ದೇಶಗಳ ನಡವಳಿಕೆ ಸಂಹಿತೆಗಳು ಡಾಲ್ಫಿನ್‌ಗಳಿಗೆ ಸುಮಾರು 50 ಮೀಟರ್, ತಿಮಿಂಗಿಲಗಳಿಗೆ 100 ಮೀಟರ್ ಅಂತರವನ್ನು ಸೂಚಿಸುತ್ತವೆ. ದೋಣಿಯೇರದೆ, ಅಳಿವೆಯ ಪಕ್ಕದ ಎತ್ತರದ ಬಂಡೆಯಿಂದ ದುರ್ಬೀನಿನಲ್ಲಿ ನೋಡುವುದು ಪ್ರಾಣಿಗೆ ಯಾವ ತೊಂದರೆಯನ್ನೂ ಕೊಡದ ದಾರಿ. ಗೂನು ಡಾಲ್ಫಿನ್ ದಡಕ್ಕೆ ಸಮೀಪವೇ ಇರುವುದರಿಂದ ಕರ್ನಾಟಕಕ್ಕೆ ಇದು ವಿಶೇಷವಾಗಿ ಒಗ್ಗುತ್ತದೆ.

ಸ್ಕೂಬಾದಲ್ಲಿ ಈಜು ಬಾರದವರೂ ತರಬೇತುದಾರರ ಹಿಡಿತದಲ್ಲಿ 12 ಮೀಟರಿನೊಳಗೆ ಪರಿಚಯದ ಮುಳುಗು ಹಾಕಬಹುದು. ಮೊದಲ ಹಂತದ ಪ್ರಮಾಣಪತ್ರ ಪಡೆದವರ ಮಿತಿ ಸಾಮಾನ್ಯವಾಗಿ 18 ಮೀಟರ್. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಕಿವಿಯ ಒತ್ತಡ ಸರಿಹೊಂದಿಸಿಕೊಳ್ಳುವುದು, ಉಸಿರು ಬಿಗಿಹಿಡಿಯದಿರುವುದು, ನಿಧಾನವಾಗಿ ಮೇಲೇರುವುದು ಎಲ್ಲರಿಗೂ ಕಡ್ಡಾಯ. ನೀರು ಕೆಂಪು ಬೆಳಕನ್ನು ಮೊದಲು ಹೀರುತ್ತದೆ. ಕೆಲವೇ ಮೀಟರ್ ಕೆಳಗೆ ಎಲ್ಲವೂ ನೀಲಿ–ಬೂದಾಗಿ ಕಾಣುವುದು ಇದರಿಂದಲೇ. ಕೈದೀಪ ಹಾಯಿಸಿದಾಗ ಹವಳ ಮತ್ತು ಸ್ಪಂಜಿನ ನಿಜ ಬಣ್ಣ ಹೊರಬರುತ್ತದೆ. ಮುಖವಾಡದ ಗಾಜಿನಲ್ಲಿ ಬೆಳಕು ಬಾಗುವುದರಿಂದ ಮೀನುಗಳು ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ತೋರುತ್ತವೆ.

ಆಮೆ ಗೂಡು ನೋಡುವುದು ಅರಣ್ಯ ಇಲಾಖೆ ಅಥವಾ ಸ್ಥಳೀಯ ಸ್ವಯಂಸೇವಕರ ಜತೆಗೇ ಆಗಬೇಕು. ಬಿಳಿ ಬೆಳಕು, ಕ್ಯಾಮೆರಾದ ಫ್ಲ್ಯಾಶ್, ಗದ್ದಲ ಕಂಡ ಆಮೆ ಮೊಟ್ಟೆಯಿಡದೆ ಮರಳುತ್ತದೆ. ಮರಿಗಳು ದಿಗಂತದ ಬೆಳಕನ್ನು ಗುರುತಿಸಿ ಕಡಲಿನತ್ತ ನಡೆಯುತ್ತವೆ. ಹೋಟೆಲು ಮತ್ತು ರಸ್ತೆಯ ದೀಪಗಳು ಅವುಗಳನ್ನು ದಿಕ್ಕು ತಪ್ಪಿಸುತ್ತವೆ.

ಪ್ರಮುಖ ತಾಣಗಳು

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ, ಎಂದರೆ 19 ಕಿ.ಮೀ. ದೂರದಲ್ಲಿದೆ. ನೇತ್ರಾಣಿ ಗುಡ್ಡ, ಪಾರಿವಾಳ ದ್ವೀಪ, ಬಜರಂಗಿ ದ್ವೀಪ ಎಂಬ ಹೆಸರುಗಳೂ ರೂಢಿಯಲ್ಲಿವೆ. ಕಡಿದಾದ ಬಂಡೆಯ ಅಂಚು, ಮೇಲೆ ಕಾಡು, ಮರಳಿನ ತೀರವಿಲ್ಲ. ಕರಾವಳಿಯ ಮೀನುಗಾರರಿಗೆ ಇದು ಹರಕೆಯ ತಾಣ. ಹರಕೆಗೆ ಬಿಟ್ಟ ಆಡುಗಳ ಸಂತತಿ ದ್ವೀಪದಲ್ಲಿ ಕಾಡುಬಿದ್ದಿದೆ. ಭಾರತೀಯ ನೌಕಾಪಡೆ ಈ ಗುಡ್ಡವನ್ನು ಗುರಿ ಅಭ್ಯಾಸಕ್ಕೆ ಬಳಸಿದೆ. ಕಡಲಹದ್ದಿನ ಗೂಡುಗಳಿಗೂ ಹವಳಕ್ಕೂ ಇದರಿಂದ ಹಾನಿಯೆಂದು ಪರಿಸರವಾದಿಗಳು ವಿರೋಧಿಸಿದ್ದಾರೆ. ಪ್ರವಾಸಿಗರು ದ್ವೀಪವನ್ನು ಹತ್ತುವಂತಿಲ್ಲ. ದೋಣಿ ಸುತ್ತಲಿನ ನೀರಿನಲ್ಲಿ ನಿಲ್ಲುತ್ತದೆ. ಒಳ್ಳೆಯ ದಿನಗಳಲ್ಲಿ ನೀರೊಳಗೆ 15ರಿಂದ 20 ಮೀಟರ್ ದೂರದವರೆಗೆ ಕಾಣುತ್ತದೆ. ಭಾರತದ ಮುಖ್ಯ ಭೂಭಾಗದ ಪಶ್ಚಿಮ ಕರಾವಳಿಯಲ್ಲಿ ಇಷ್ಟು ತಿಳಿ ನೀರು ಸುಲಭವಾಗಿ ಸಿಗುವುದಿಲ್ಲ.

ಕಾರವಾರದಲ್ಲಿ ಕಾಳಿ ನದಿಯ ಅಳಿವೆ, ದೇವಬಾಗದ ಮರಳುದಂಡೆ, ಆಮೆಯಾಕಾರದ ಕುರುಮಗಡ, 1864ರ ದೀಪಸ್ತಂಭವಿರುವ ದೇವಗಡ ಒಂದಕ್ಕೊಂದು ಸಮೀಪದಲ್ಲಿವೆ. ಗೂನು ಡಾಲ್ಫಿನ್ ನೋಡಲು ರಾಜ್ಯದಲ್ಲಿ ಇದು ಅತ್ಯುತ್ತಮ ಪ್ರದೇಶ. ಅಂಜುದೀವ್ ದ್ವೀಪ ಕಾರವಾರಕ್ಕೆ ಹತ್ತಿರವಿದ್ದರೂ ಆಡಳಿತದಲ್ಲಿ ಗೋವಾಕ್ಕೆ ಸೇರಿದೆ ಮತ್ತು ನೌಕಾನೆಲೆಯ ವ್ಯಾಪ್ತಿಯಲ್ಲಿರುವುದರಿಂದ ಪ್ರವಾಸಿಗರಿಗೆ ತೆರೆದಿಲ್ಲ.

ಸೇಂಟ್ ಮೇರಿಸ್ ದ್ವೀಪಗಳು ತಮ್ಮ ಶಿಲಾಸ್ತಂಭಗಳಿಗೆ ಪ್ರಸಿದ್ಧ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗುವಾಗ ಷಟ್ಕೋನಾಕಾರದ ಕಂಬಗಳಾಗಿ ಸೀಳಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಂಬಗಳ ಸಂದುಗಳು ಉಬ್ಬರವಿಳಿತದ ಜೀವಿಗಳಿಗೆ ಸಹಜ ಗೂಡುಗಳಾಗಿವೆ. ಇಲ್ಲಿಗೆ ಬರುವವರ ಗಮನ ಬಹುಪಾಲು ಕಲ್ಲಿನ ಮೇಲೆಯೇ ನಿಲ್ಲುತ್ತದೆ. ಕಲ್ಲಿನ ನಡುವಿನ ಬದುಕು ಅಷ್ಟೇ ನೋಡತಕ್ಕದ್ದು.

ಲಕ್ಷದ್ವೀಪಕ್ಕೂ ಕನ್ನಡನಾಡಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಒಳಗೊಂಡ ಅಮಿನದೀವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಮಂಜಿ ಎಂಬ ಹಡಗುಗಳು ಇಂದಿಗೂ ಸರಕು ಸಾಗಿಸುತ್ತವೆ. ನಿಜವಾದ ಹವಳದ ದ್ವೀಪಗಳನ್ನು ನೋಡಬಯಸುವವರಿಗೆ ಕಡಮತ್, ಅಗತ್ತಿ, ಬಂಗಾರಂಗಳು ಸೂಕ್ತ. ಪ್ರವೇಶಕ್ಕೆ ಪರವಾನಗಿ ಬೇಕು.

ಋತು ಮತ್ತು ಪ್ರಯಾಣ

ವೀಕ್ಷಣೆಯ ಕಾಲ ಅಕ್ಟೋಬರಿನಿಂದ ಮೇವರೆಗೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಕಡಲು ಶಾಂತವಾಗಿದ್ದು ನೀರು ತಿಳಿಯಾಗಿರುತ್ತದೆ. ಆಮೆಗಳು ಮೊಟ್ಟೆಯಿಡುವುದೂ ಹೆಚ್ಚಾಗಿ ಇದೇ ಅವಧಿಯಲ್ಲಿ ಮತ್ತು ಮಾರ್ಚ್‌ವರೆಗೆ. ಮುಂಗಾರಿನಲ್ಲಿ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ.

ಈ ಕರಾವಳಿಗೆ ಒಳನಾಡಿನ ಬಯಲುಸೀಮೆಯಿಂದಲೂ ಪ್ರವಾಸಿಗರು ಬರುತ್ತಾರೆ. ಹಿಂದೆ 63 ಎಂಬ ಸಂಖ್ಯೆ ಹೊಂದಿದ್ದ ರಾಷ್ಟ್ರೀಯ ಹೆದ್ದಾರಿ ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂಲಕ ಆಂಧ್ರದ ಗುತ್ತಿಯವರೆಗೆ ಸಾಗುತ್ತಿತ್ತು.  ಬಳ್ಳಾರಿಯಿಂದಾಗಲಿ ಸಿರುಗುಪ್ಪ, ಕುರುಗೋಡಿನಿಂದಾಗಲಿ ಅಂಕೋಲಾ ಮಾರ್ಗವಾಗಿ ಮುರುಡೇಶ್ವರಕ್ಕೆ 400 ಕಿ.ಮೀ.ಗೂ ಹೆಚ್ಚು ದೂರವಾಗುತ್ತದೆ. ಈ ಪ್ರಯಾಣದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಎಚ್ಚರಿಕೆ ಇದೆ. ಆಳದಲ್ಲಿ ಉಸಿರಾಡಿದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ. ವಾಯುಭಾರ ಇಳಿದರೆ ಅದು ಗುಳ್ಳೆಯಾಗಿ ಹೊರಬಂದು ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು. ಒಂದು ಮುಳುಗಿನ ನಂತರ 12 ಗಂಟೆ, ಹಲವು ಮುಳುಗುಗಳ ನಂತರ 18 ಗಂಟೆ ವಿಮಾನ ಏರಬಾರದೆಂಬ ಸಲಹೆ ಇರುವುದು ಇದಕ್ಕಾಗಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಯ ಕಡೆ ಸಾಗುವವರು ಕೆಲವೇ ಗಂಟೆಗಳಲ್ಲಿ ಸಮುದ್ರಮಟ್ಟದಿಂದ 500–600 ಮೀಟರ್ ಮೇಲೇರುತ್ತಾರೆ. ಆಳವಾಗಿ ಅಥವಾ ಹಲವು ಬಾರಿ ಮುಳುಗಿದವರು ಆ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಘಟ್ಟ ಹತ್ತುವುದು ಕ್ಷೇಮ.

ಬಯಲುಸೀಮೆಯವರಿಗೆ ನೀರಿನ ಜೀವಿಗಳು ಅಪರಿಚಿತವೇನಲ್ಲ. ತುಂಗಭದ್ರಾ ಅಣೆಕಟ್ಟೆಯ ಬಳಿಯಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ, ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲೂ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಜೊತೆಯಲ್ಲೇ ಸೇರಿದವು. ಕೆರೆ–ನದಿಗಳ ದಡದಲ್ಲಿ ದುರ್ಬೀನು ಹಿಡಿದು ಕಲಿತ ತಾಳ್ಮೆ ಅಳಿವೆಯಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ನದಿಯ ಈಜು ಕಡಲಿಗೆ ಸಾಲದು. ದಡದಿಂದ ಹೊರಗೆಳೆಯುವ ಸೆಳೆತ ಬಲವಾದ ಈಜುಗಾರರನ್ನೂ ದಣಿಸುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಒಳನಾಡಿನ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರ ತೀರದಲ್ಲಿ ಪ್ರಾಣ ಕಳೆದುಕೊಂಡರು. ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬರಬೇಕು. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯಬಾರದು. ಲೋಳೆಮೀನು ಕುಟುಕಿದ ಜಾಗವನ್ನು ಉಜ್ಜಬಾರದು, ಸಿಹಿನೀರಿನಲ್ಲಿ ತೊಳೆಯಬಾರದು. ಕುಟುಕುಕೋಶಗಳು ಮತ್ತಷ್ಟು ಸಿಡಿಯುತ್ತವೆ.

ಕಾನೂನು

ಡಾಲ್ಫಿನ್, ತಿಮಿಂಗಿಲ ಮತ್ತು ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. 2001ರಲ್ಲಿ ತಿಮಿಂಗಿಲ ಶಾರ್ಕ್, ಕಡಲಕುದುರೆ, ಕಡಲಸೌತೆ ಮತ್ತು ದಿಬ್ಬ ಕಟ್ಟುವ ಹವಳಗಳು ಸೇರ್ಪಡೆಯಾದವು. ಕಾಯ್ದೆಯ ಅನುಸೂಚಿಗಳನ್ನು ಮರುಜೋಡಿಸಿದ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹವಳದ ತುಂಡನ್ನು, ಅದು ಸತ್ತು ದಡಕ್ಕೆ ಬಿದ್ದಿದ್ದರೂ, ನೆನಪಿಗೆಂದು ಮನೆಗೆ ತರುವುದು ಅಪರಾಧ. ಕೆಲವು ಜಾತಿಯ ಶಂಖ–ಚಿಪ್ಪುಗಳಿಗೂ ರಕ್ಷಣೆ ಇದೆ. ಜಾತಿ ಗುರುತಿಸಲಾಗದ ಪ್ರವಾಸಿ ಅಂಗಡಿಯಿಂದ ಕೊಳ್ಳದಿರುವುದೇ ಸರಿ. ದಡದ ಕಟ್ಟಡಗಳು 1991ರಲ್ಲಿ ಮೊದಲು ಬಂದು 2011 ಮತ್ತು 2019ರಲ್ಲಿ ಪರಿಷ್ಕರಣೆಗೊಂಡ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗೆ ಒಳಪಡುತ್ತವೆ.

ಇಂದಿನ ಸ್ಥಿತಿ

ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ತೀರದ ಸ್ವಚ್ಛತೆ ಮತ್ತು ಸುರಕ್ಷತೆಗೆ ನೀಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಹೊನ್ನಾವರ ತಾಲ್ಲೂಕಿನಲ್ಲಿ ಸುಮಾರು 60 ಚದರ ಕಿ.ಮೀ. ವ್ಯಾಪ್ತಿಯ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮ ರಾಜ್ಯದಲ್ಲಿ ಆ ಬಗೆಯ ಮೊದಲನೆಯದು. ಕಾಡಿಗೆ ದಶಕಗಳಿಂದ ಸಿಗುತ್ತಿರುವ ರಕ್ಷಣೆ ಕಡಲಿಗೆ ಇಷ್ಟು ತಡವಾಗಿ ಬಂದಿದೆ. ಗೂನು ಡಾಲ್ಫಿನ್ ಸುಳಿದಾಡುವ ಅಳಿವೆಗಳಲ್ಲಿ ಹೆಚ್ಚಿನವು ಇದರ ಗಡಿಯ ಹೊರಗಿವೆ.

ಕಡಲ ಬಿಸಿಯಾಗುವಿಕೆ ಎಲ್ಲಕ್ಕಿಂತ ದೊಡ್ಡ ಆತಂಕ. ನೀರು ಕೆಲವು ವಾರ ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಶಾಖ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪ 1998, 2010, 2016 ಮತ್ತು 2024ರಲ್ಲಿ ಇದನ್ನು ಅನುಭವಿಸಿದೆ. ಎರಡು ಆಘಾತಗಳ ನಡುವೆ ಚೇತರಿಕೆಗೆ ಸಿಗುವ ಬಿಡುವು ಕುಗ್ಗುತ್ತಿದೆ. ನೇತ್ರಾಣಿಯಲ್ಲಿ ಇದರ ಜೊತೆಗೆ ಹವಳಕ್ಕೆ ಸಿಕ್ಕಿಬಿದ್ದ ಹಳೆಯ ಬಲೆಗಳು, ಲಂಗರಿನ ಹೊಡೆತ, ತರಬೇತಿಯಿಲ್ಲದ ಮುಳುಗುಗಾರರ ಕಾಲ್ತುಳಿತ ಸೇರಿಕೊಳ್ಳುತ್ತವೆ. ದೋಣಿಗಳು ಲಂಗರು ಎಸೆಯದೆ ಕಟ್ಟಿಕೊಳ್ಳಬಹುದಾದ ಸ್ಥಿರ ತೇಲುಬುರುಡೆಗಳು, ದಿನಕ್ಕೆ ಮುಳುಗುಗಾರರ ಮಿತಿ, ಡಾಲ್ಫಿನ್ ದೋಣಿಗಳಿಗೆ ವೇಗ ಹಾಗೂ ಅಂತರದ ನಿಯಮ ಇವು ಬೇರೆ ದ್ವೀಪಗಳಲ್ಲಿ ಫಲ ಕೊಟ್ಟ ಕ್ರಮಗಳು. ಕರ್ನಾಟಕದಲ್ಲಿ ಇವನ್ನು ಜಾರಿಗೆ ತರಲು ಅರಣ್ಯ, ಮೀನುಗಾರಿಕೆ ಮತ್ತು ಪ್ರವಾಸೋದ್ಯಮ ಇಲಾಖೆಗಳು ಮೀನುಗಾರ ಸಮುದಾಯವನ್ನು ಜೊತೆಗಿಟ್ಟುಕೊಂಡು ಒಂದೇ ಯೋಜನೆಯಡಿ ಕೆಲಸ ಮಾಡಬೇಕಾಗುತ್ತದೆ.